ಬೊಂಬೆಮನೆ: ಬಣ್ಣ ಮೊದಲೋ, ಅಂಟು ಮೊದಲೋ?

ಬೊಂಬೆಮನೆಯ ಕಿಟ್ ಬಿಚ್ಚಿದರೆ ಒಳಗೆ ಸಿಗುವುದು ಎರಡು ಮೂರು ಮಿಲಿಮೀಟರ್ ದಪ್ಪದ ಮರದ ಹಾಳೆಗಳು. ಗೋಡೆ, ಮೆಟ್ಟಿಲು, ಕಿಟಕಿ ಚೌಕಟ್ಟು ಎಲ್ಲ ಅದರಲ್ಲೇ ಲೇಸರ್‌ನಿಂದ ಕೊರೆದು ಕೂತಿರುತ್ತವೆ. ಜೊತೆಗೆ ಗೋಡೆಗೆ ಹಚ್ಚುವ ಕಾಗದ, ಪರದೆ ಬಟ್ಟೆ, ಪುಟ್ಟ ಎಲ್‌ಇಡಿ ದೀಪಗಳು, ತಂತಿ. ಎಷ್ಟೋ ಕಿಟ್‌ಗಳಲ್ಲಿ ಅಂಟೂ ಇರುವುದಿಲ್ಲ, ಬಣ್ಣವೂ ಇರುವುದಿಲ್ಲ. ಇವೆರಡನ್ನು ನಾವೇ ಅಂಗಡಿಯಿಂದ ತರಬೇಕು. ಅವುಗಳ ಜೊತೆ ಪುಕ್ಕಟೆಯಾಗಿ ಬರುವ ಸಲಹೆಗಳೇ ಕಷ್ಟ. ಹೆಚ್ಚಿನವು ನಿಜವಾದ ಮನೆಗೋ ಮೇಜು ಕುರ್ಚಿಗೋ ಸರಿಹೋಗುವಂಥವು.

“ಮೊದಲು ಪೂರ್ತಿ ಜೋಡಿಸಿ, ಬಣ್ಣ ಆಮೇಲೆ ಹೊಡೆದರಾಯಿತು.”

ನಾವು ವಾಸಿಸುವ ಮನೆಗೆ ಹಾಗೇ ಮಾಡುತ್ತೇವಾದ್ದರಿಂದ ಈ ಮಾತು ಸಹಜವೆನಿಸುತ್ತದೆ. ಬೊಂಬೆ ಮಾಡುವವರ ಕ್ರಮವೂ ಅದೇ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಕಲಾವಿದರು ಹಗುರ ಮರದ ಭಾಗಗಳನ್ನು ಕೂಡಿಸಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟು ಸೇರಿಸಿ ಮಾಡಿದ ‘ಕಿಟ್ಟ’ವನ್ನು ಮೇಲೆಲ್ಲ ಮೆತ್ತಿ, ಬಣ್ಣವನ್ನು ಕೊನೆಗೆ ಹಚ್ಚುತ್ತಾರೆ. ಅಲ್ಲಿ ಅದೇ ಸರಿ, ಏಕೆಂದರೆ ಬೊಂಬೆಗೆ ಕಾಣುವುದು ಹೊರಮೈ ಮಾತ್ರ. ಬೊಂಬೆಮನೆಯಲ್ಲಿ ಜನ ಇಣುಕಿ ನೋಡುವುದೇ ಒಳಗೆ. ಒಂಬತ್ತು ಅಡಿ ಎತ್ತರದ ಕೋಣೆ 1:24 ಅಳತೆಯಲ್ಲಿ ಬರೀ ನಾಲ್ಕೂವರೆ ಇಂಚು. ಗೋಡೆ ನಿಂತು ಮೇಲೆ ಅಟ್ಟವೂ ಕೂತ ಮೇಲೆ ಮೆಟ್ಟಿಲ ಕೆಳಗಿನ ಮೂಲೆಗೆ ಬ್ರಷ್ ಹೋಗುವುದಿಲ್ಲ. ಹೋದರೂ ಪಕ್ಕದ ಗೋಡೆಗೆ ಬಳಿದುಕೊಂಡೇ ಹೋಗುತ್ತದೆ.

ಮರದ ಬಣ್ಣವನ್ನೇ ಉಳಿಸಿ ಸ್ಟೇನ್ ಹಚ್ಚುವ ಆಸೆಯಿದ್ದರಂತೂ ಈ ಸಲಹೆ ಕೇಳಲೇಬಾರದು. ಜೋಡಿಸುವಾಗ ಹೊರಗೆ ಉಕ್ಕಿದ ಅಂಟನ್ನು ಬೆರಳಲ್ಲಿ ಒರೆಸುತ್ತೇವೆ, ಹೋಯಿತು ಅಂದುಕೊಳ್ಳುತ್ತೇವೆ. ಅದು ಹೋಗಿರುವುದಿಲ್ಲ, ಮರದ ರಂಧ್ರ ಮುಚ್ಚಿ ತೆಳುವಾಗಿ ಹರಡಿಕೊಂಡಿರುತ್ತದೆ. ಅಲ್ಲಿ ಸ್ಟೇನ್ ಹೀರುವುದಿಲ್ಲ. ಬೆರಳಾಡಿಸಿದ ಗುರುತಷ್ಟೂ ಬಿಳಿ ಬಿಳಿ ಮಚ್ಚೆಯಾಗಿ ಎದ್ದು ಕಾಣುತ್ತದೆ. ಸ್ಟೇನ್ ಹಚ್ಚುವ ಭಾಗಗಳಿಗೆ ಅಂಟು ಯಾವತ್ತೂ ಆಮೇಲೆಯೇ.

“ಹಾಗಾದರೆ ಎಲ್ಲಕ್ಕೂ ಮೊದಲೇ ಬಣ್ಣ ಬಳಿದಿಟ್ಟುಬಿಡೋಣ.”

ಮೊದಲ ತಪ್ಪಿನಿಂದ ಪಾರಾದವರು ಸೀದಾ ಬಂದು ಬೀಳುವುದು ಇಲ್ಲಿಗೆ. ಬಿಳಿ ಬಣ್ಣದ, ಫೆವಿಕಾಲ್ ಜಾತಿಯ ಮರದ ಅಂಟು ಪಾಲಿವಿನೈಲ್ ಅಸಿಟೇಟ್ ಎಂಬ ಪದಾರ್ಥದ್ದು. ಅದರಲ್ಲಿನ ನೀರು ಮರಕ್ಕೂ ಗಾಳಿಗೂ ಹೋಗುತ್ತಿದ್ದಂತೆ ಉಳಿದ ಕಣಗಳು ಒಂದಕ್ಕೊಂದು ಬೆಸೆದುಕೊಂಡು, ಮರದ ನಾರಿನ ಸಂದುಗಳಲ್ಲಿ ಬೇರೂರಿ ಗಟ್ಟಿಯಾಗುತ್ತವೆ. ನಡುವೆ ಬಣ್ಣದ ಪದರವಿದ್ದರೆ ಅಂಟು ಹಿಡಿಯುವುದು ಬಣ್ಣವನ್ನು, ಮರವನ್ನಲ್ಲ. ಆ ಜೋಡಣೆಯ ಬಲ ಬಣ್ಣ ಮರಕ್ಕೆ ಎಷ್ಟು ಕಚ್ಚಿಕೊಂಡಿದೆಯೋ ಅಷ್ಟೇ. ಸ್ವಲ್ಪ ಅಲುಗಾಡಿಸಿದರೆ ಗೋಡೆ ಬಣ್ಣದ ಸಿಪ್ಪೆಯ ಸಮೇತ ಕೈಗೆ ಬರುತ್ತದೆ. ಇನ್ನೊಂದು ಎಡವಟ್ಟೂ ಇದೆ. ಲೇಸರ್ ಕೊರೆದ ನಾಲಗೆಯೂ ಅದು ತೂರುವ ಸೀಳೂ ಒಂದಕ್ಕೊಂದು ಬಿಗಿಯಾಗಿ ಕೂರುವ ಲೆಕ್ಕದಲ್ಲೇ ಇರುತ್ತವೆ. ಎರಡೂ ಕಡೆ ಎರಡೆರಡು ಕೋಟ್ ಬಣ್ಣ ಬಿದ್ದರೆ ಒಳಗೆ ತೂರುವುದೇ ಇಲ್ಲ. ಒತ್ತಿದರೆ ನಾಲಗೆ ಮುರಿಯುತ್ತದೆ.

ಕಿಟ್ ಕಟ್ಟಿ ಪಳಗಿದವರು ಮಾಡುವುದು ಇಷ್ಟು. ಅಂಟಿಲ್ಲದೆ ಇಡೀ ಮನೆಯನ್ನು ಮಾಸ್ಕಿಂಗ್ ಟೇಪಿನಿಂದ ಒಮ್ಮೆ ನಿಲ್ಲಿಸುತ್ತಾರೆ. ಗೋಡೆ ನೆಲವನ್ನು ಮುಟ್ಟುವಲ್ಲಿ, ಅಟ್ಟ ಗೋಡೆಯನ್ನು ಮುಟ್ಟುವಲ್ಲಿ ಚೂಪು ಪೆನ್ಸಿಲಿನಿಂದ ಎರಡೂ ಬದಿಗೆ ಗೆರೆ ಎಳೆಯುತ್ತಾರೆ. ಬಿಚ್ಚಿದ ಮೇಲೆ ನೆಲದ ಹಲಗೆಯ ಮೇಲೆ ಮೂರು ಮಿಲಿಮೀಟರ್ ಅಗಲದ ಪಟ್ಟಿಯೊಂದು ಗುರುತಾಗಿರುತ್ತದೆ. ಆ ಪಟ್ಟಿಗೆ ಟೇಪು ಕತ್ತರಿಸಿ ಅಂಟಿಸಿ, ಉಳಿದದ್ದಕ್ಕೆಲ್ಲ ಬಣ್ಣ ಬಳಿದು, ಬಣ್ಣ ಪೂರ್ತಿ ಗಟ್ಟಿಯಾಗುವ ಮುಂಚೆಯೇ ಟೇಪನ್ನು ನಿಧಾನವಾಗಿ ಕಿತ್ತರೆ ಕೆಳಗೆ ಬರಿಯ ಮರ. ಅಂಟು ಬೀಳಬೇಕಾದದ್ದು ಅಲ್ಲಿ. ಬಣ್ಣ ಮೊದಲೋ ಅಂಟು ಮೊದಲೋ ಎಂದು ಇಡೀ ಮನೆಗೆ ಒಂದೇ ಉತ್ತರ ಹುಡುಕುವ ಬದಲು ಒಂದೊಂದು ಭಾಗಕ್ಕೂ ಅದರ ಯಾವ ಮೈ ಯಾವುದನ್ನು ಮುಟ್ಟುತ್ತದೆ ಎಂದು ಕೇಳಿಕೊಳ್ಳುವುದು ಲೇಸು. ಹೊರಗೋಡೆಗಳು ಕೂಡುವ ಮೂಲೆ, ಸೂರಿನ ಅಂಚು ಇಂಥವನ್ನು ಜೋಡಿಸಿದ ಮೇಲೆ ಕೊನೆಯ ಕೋಟ್ ಕೊಟ್ಟರೆ ಸಂದು ಮುಚ್ಚುತ್ತದೆ. ಒಳಗಿನ ಮೆಟ್ಟಿಲ ಕೈಹಿಡಿಗೆ ಬಿಡಿಯಾಗಿದ್ದಾಗಲೇ ಎರಡೂ ಕೋಟ್ ಮುಗಿದಿರಬೇಕು.

“ಅಂಟು ಜಾಸ್ತಿ ಹಾಕಿದಷ್ಟೂ ಗಟ್ಟಿ.”

ಎರಡು ಆನೆ ಎಳೆದಾಡುವ ಚಿತ್ರದ ಡಬ್ಬಿ ನೋಡಿ ನೋಡಿ ಬೆಳೆದವರು ನಾವು, ಬಲವೆಲ್ಲ ಅಂಟಿನದೇ ಎಂದು ನಂಬಿದ್ದೇವೆ. ಬಲ ಇರುವುದು ತೆಳು ಪದರದಲ್ಲಿ, ಒಣಗುವ ತನಕ ಒತ್ತಿ ಹಿಡಿಯುವುದರಲ್ಲಿ. ದಪ್ಪ ಹಾಕಿದರೆ ಮೇಲ್ಮೈ ಗಟ್ಟಿಯಾಗಿ ಒಳಗಿನ ನೀರು ಸಿಕ್ಕಿಕೊಳ್ಳುತ್ತದೆ, ತೆಳು ಹಲಗೆ ಆ ನೀರನ್ನೇ ಕುಡಿದು ಉಬ್ಬುತ್ತದೆ. ಹಲ್ಲುಕಡ್ಡಿಯ ತುದಿಯಲ್ಲಿ ಅಂಟು ತೆಗೆದು ಅಂಚಿನ ಉದ್ದಕ್ಕೂ ಎಳೆಯಿರಿ. ಒತ್ತಿದಾಗ ಸಂದಿನಲ್ಲಿ ಸಣ್ಣ ಸಣ್ಣ ಹನಿ ಮೂಡಿದರೆ ಸಾಕು, ಸೋರಿದರೆ ಹೆಚ್ಚಾಯಿತು. ಬಟ್ಟೆ ಕ್ಲಿಪ್, ರಬ್ಬರ್ ಬ್ಯಾಂಡ್, ದಪ್ಪ ಪುಸ್ತಕ, ಯಾವುದಾದರೂ ಸರಿ, ಅರ್ಧ ಗಂಟೆಯಿಂದ ಒಂದು ಗಂಟೆ ಅಲುಗದೆ ಇರಬೇಕು. ಪೂರ್ತಿ ಬಲಕ್ಕೆ 24 ಗಂಟೆ ಬೇಕು. ಮಳೆಗಾಲದ ಮಂಗಳೂರಿನಲ್ಲಿ ಇನ್ನೂ ಹೆಚ್ಚು.

“ಅಷ್ಟು ಹೊತ್ತು ಯಾರು ಕಾಯ್ತಾರೆ, ಫೆವಿಕ್ವಿಕ್ ಇದೆಯಲ್ಲ.”

ಇದೆ, ಅದಕ್ಕೆ ಅದರದೇ ಜಾಗವೂ ಇದೆ. ಬಾಗಿಲಿನ ಲೋಹದ ಹಿಡಿಕೆ, ಮಣಿ, ದೀಪದ ಕೊಂಡಿಗೆ ಅದೇ ಸರಿ. ಈ ಜಾತಿಯ ಅಂಟು ಸಯನೋಅಕ್ರಿಲೇಟ್. 1942ರಲ್ಲಿ ಕೊಡಾಕ್‌ನ ಹ್ಯಾರಿ ಕೂವರ್ ಬಂದೂಕಿನ ಗುರಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುವಾಗ ಸಿಕ್ಕಿದ್ದಿದು. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆಂದು ಆಗ ಬದಿಗಿಟ್ಟರು, 1958ರಲ್ಲಿ ಅಮೆರಿಕದಲ್ಲಿ ಅಂಟಾಗಿಯೇ ಮಾರಾಟಕ್ಕೆ ಬಂತು. ತಮಾಷೆಯೆಂದರೆ, ಪಾರದರ್ಶಕ ಪ್ಲಾಸ್ಟಿಕ್ಕಿಗಾಗಿ ಹೊರಟ ಹುಡುಕಾಟದಲ್ಲಿ ಸಿಕ್ಕ ಇದಕ್ಕೂ ಬೊಂಬೆಮನೆಯ ಪಾರದರ್ಶಕ ಕಿಟಕಿಗೂ ಆಗಿಬರುವುದಿಲ್ಲ. ಒಣಗುವಾಗ ಏಳುವ ಆವಿ ಹತ್ತಿರದ ಪ್ಲಾಸ್ಟಿಕ್ ಹಾಳೆಯ ಮೇಲೆ ಕೂತು ಬೆಳ್ಳಗೆ ಮಂಜು ಕಟ್ಟುತ್ತದೆ. ಮರಕ್ಕೆ ಮರ ಹಿಡಿಸಿದರೂ ಪೆಟ್ಟು ತಾಳುವುದಿಲ್ಲ, ಮೇಜಿನಿಂದ ಬಿದ್ದರೆ ಟಕ್ಕೆಂದು ಬಿಟ್ಟುಕೊಳ್ಳುತ್ತದೆ. ಗೋಡೆ ಒಂದಿಷ್ಟು ಸೊಟ್ಟ ಕೂತರೆ ಸರಿಮಾಡಲು ಸಮಯವನ್ನೂ ಕೊಡುವುದಿಲ್ಲ. ಮಕ್ಕಳು ಪಕ್ಕದಲ್ಲಿದ್ದರೆ ಇದೊಂದು ನೆನಪಿರಲಿ: ಚೆಲ್ಲಿದ ಸಯನೋಅಕ್ರಿಲೇಟನ್ನು ಹತ್ತಿಯಿಂದಾಗಲಿ ಹತ್ತಿ ಬಟ್ಟೆಯಿಂದಾಗಲಿ ಒರೆಸಬಾರದು. ಹತ್ತಿಯ ಜೊತೆ ಅದು ಕೈ ಸುಡುವಷ್ಟು ಬಿಸಿಯಾಗಬಲ್ಲದು.

ಗ್ಲೂ ಗನ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಅದರ ಅಂಟು ದಪ್ಪ, ಸಂದು ಬಾಯಿಬಿಟ್ಟುಕೊಂಡೇ ಇರುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗಿಟ್ಟರೆ ಮೆತ್ತಗಾಗುತ್ತದೆ. ಮನೆಯಲ್ಲೇ ಕಾಯಿಸಿದ ಮೈದಾ ಅಂಟು ಗೋಡೆಕಾಗದಕ್ಕೆ ಚೆನ್ನಾಗಿ ಹಿಡಿಯುತ್ತದೆ, ಜಿರಳೆಗೂ ಅದು ಚೆನ್ನಾಗಿಯೇ ಹಿಡಿಸುತ್ತದೆ.

“ಪ್ಲೈವುಡ್ ಅಲ್ವಾ, ಪ್ರೈಮರ್ ಯಾಕೆ? ಕಾಣುವ ಕಡೆ ಬಣ್ಣ ಹೊಡೆದರೆ ಸಾಕು.”

ಕಟ್ಟಡದ ಪ್ಲೈವುಡ್ಡಿಗೂ ಇದಕ್ಕೂ ಹೋಲಿಕೆಯಿಲ್ಲ. ನೀರು ಬೆರೆಸುವ ಅಕ್ರಿಲಿಕ್ ಬಣ್ಣವನ್ನು ಒಂದೇ ಕಡೆ ಬಳಿದರೆ ಆ ಕಡೆಯ ನಾರು ಉಬ್ಬುತ್ತದೆ, ಇನ್ನೊಂದು ಕಡೆಯದು ಇದ್ದಹಾಗೇ ಇರುತ್ತದೆ, ಹಲಗೆ ಬಿಸಿಲಿಗಿಟ್ಟ ಹಪ್ಪಳದ ಹಾಗೆ ಬಾಗುತ್ತದೆ. ಅಂಟು ಬೀಳುವ ಪಟ್ಟಿ ಬಿಟ್ಟು ಎರಡೂ ಮೈಗೆ ತೆಳು ಪ್ರೈಮರ್, ಒಣಗಿದ ಮೇಲೆ ನಯವಾದ ಸ್ಯಾಂಡ್‌ಪೇಪರಿನಲ್ಲಿ ಒಂದು ಕೈ, ಆಮೇಲೆ ಬಣ್ಣ. ಮೊದಲ ಕೋಟಿಗೆ ಮರ ತರಿತರಿಯಾದರೆ ಗಾಬರಿ ಬೇಡ, ಎದ್ದ ನಾರನ್ನು ಉಜ್ಜಿದರೆ ಕೂತುಕೊಳ್ಳುತ್ತದೆ. ಲೇಸರ್ ಸುಟ್ಟ ಕಂದು ಅಂಚನ್ನೂ ಅದೇ ಕೈಯಲ್ಲಿ ಉಜ್ಜಿಬಿಡಿ. ಆ ಮಸಿಯ ಮೇಲೆ ಅಂಟು ಸರಿಯಾಗಿ ಹೀರುವುದಿಲ್ಲ, ಬಿಳಿ ಬಣ್ಣ ಬಳಿದರೆ ಕಂದು ಮೇಲೆ ಇಣುಕುತ್ತದೆ.

“ಮುಟ್ಟಿದರೆ ಅಂಟಲಿಲ್ಲ, ಅಂದಮೇಲೆ ಒಣಗಿದೆ.”

ಮುಟ್ಟುವಷ್ಟು ಒಣಗಿದೆ ನಿಜ. ಅಕ್ರಿಲಿಕ್ ಪೂರ್ತಿ ಗಟ್ಟಿಯಾಗಲು ದಿನಗಟ್ಟಲೆ ಹಿಡಿಯುತ್ತದೆ. ಅಷ್ಟರೊಳಗೆ ಬಣ್ಣದ ಎರಡು ಮೈ ಒಂದಕ್ಕೊಂದು ಒತ್ತಿಕೊಂಡರೆ ಅಂಟಿನ ಹಂಗಿಲ್ಲದೆ ತಾವೇ ಕಚ್ಚಿಕೊಳ್ಳುತ್ತವೆ. ಬೊಂಬೆಮನೆಯ ಬಾಗಿಲು ಮುಚ್ಚಿಟ್ಟು ಮಲಗಿದವರಿಗೆ ಬೆಳಿಗ್ಗೆ ಅದು ತೆರೆಯುವುದಿಲ್ಲ, ಎಳೆದರೆ ಚೌಕಟ್ಟಿನ ಬಣ್ಣ ಕಿತ್ತು ಬರುತ್ತದೆ. ಬಣ್ಣ ಬಳಿದ ಬಾಗಿಲನ್ನೂ ಕಿಟಕಿಯನ್ನೂ ಕೆಲವು ದಿನ ತೆರೆದೇ ಇಡಿ. ಆಮೇಲೆ ಒಂದಕ್ಕೊಂದು ಉಜ್ಜುವ ಅಂಚಿಗೆ ಮೇಣದ ಬತ್ತಿಯನ್ನು ಒಮ್ಮೆ ತಿಕ್ಕಿದರೆ ಮುಂದೆ ತೊಂದರೆಯಿಲ್ಲ. ಮೇಣ ತಾಗಿದ ಜಾಗಕ್ಕೆ ಯಾವ ಅಂಟೂ ಹಿಡಿಯುವುದಿಲ್ಲವಾದ್ದರಿಂದ ಕೀಲು, ಹಿಡಿಕೆ, ಅಂಚುಪಟ್ಟಿ ಎಲ್ಲ ಕೂತ ಮೇಲೆಯೇ ಬತ್ತಿ ಕೈಗೆತ್ತಿಕೊಳ್ಳಿ.