ಮನೆಯೊಳಗಿನ ಹಬ್ಬ: ಚೆಕ್ ನಾಡಿನ ಕ್ರಿಸ್‌ಮಸ್ ಮತ್ತು ಹೊರನಾಡಿನ ಮಿಷನರಿ ಕುಟುಂಬ

ಮಧ್ಯ ಯುರೋಪಿನ ಚೆಕ್ ಗಣರಾಜ್ಯದಲ್ಲಿ ಕ್ರಿಸ್‌ಮಸ್ ಚರ್ಚಿನ ಹಬ್ಬವಾಗಿರುವುದಕ್ಕಿಂತ ಹೆಚ್ಚಾಗಿ ಮನೆಯ ಹಬ್ಬವಾಗಿ ಉಳಿದುಬಂದಿದೆ. 2021ರ ಜನಗಣತಿಯಲ್ಲಿ ಅಲ್ಲಿನ ಸುಮಾರು ಅರ್ಧದಷ್ಟು ಜನ ತಮಗೆ ಯಾವ ಧರ್ಮವೂ ಇಲ್ಲವೆಂದು ಬರೆಸಿದರು. ಬಹಳಷ್ಟು ಮಂದಿ ಆ ಪ್ರಶ್ನೆಗೆ ಉತ್ತರವನ್ನೇ ಕೊಡಲಿಲ್ಲ. ಹಾಗಿದ್ದರೂ ಡಿಸೆಂಬರ್ 24ರ ಸಂಜೆ ಆ ನಾಡಿನ ಮಕ್ಕಳೆಲ್ಲ ಕಾಯುವುದು ಉಡುಗೊರೆ ತರುವ ಬಾಲ ಯೇಸುವಿಗಾಗಿಯೇ. ಕ್ರಿಸ್ತನ ಹೆಸರನ್ನು ಪರಿಚಯಿಸಬೇಕೆಂದು ಅಮೆರಿಕದಿಂದಲೋ ಬೇರೆ ದೇಶದಿಂದಲೋ ಬಂದು ನೆಲಸುವ ಮಿಷನರಿ ಕುಟುಂಬಕ್ಕೆ ಇದು ಮೊದಲ ಚಳಿಗಾಲದಲ್ಲೇ ಎದುರಾಗುವ ಒಗಟು. ಪೀಠದ ಮೇಲಿನಿಂದ ಬೋಧಿಸುವವನಿಗೆ ಇದರ ಉತ್ತರ ಸುಲಭವಾಗಿ ಸಿಗುವುದಿಲ್ಲ. ನೆರೆಮನೆಯ ಅಡುಗೆಮನೆಗೆ ಹೋಗಿ ಕುಳಿತುಕೊಳ್ಳಬಲ್ಲ ಕುಟುಂಬಕ್ಕೆ ಸಿಗುತ್ತದೆ.

ಚೆಕ್ ಜನರಿಗೆ ಮಿಷನರಿಗಳ ಸಂಗತಿ ಹೊಸದಲ್ಲ, ಏಕೆಂದರೆ ಅಮೆರಿಕದ ಮಿಷನರಿಗಳನ್ನು ಬರಮಾಡಿಕೊಳ್ಳುವ ಮೊದಲೇ ಆ ನೆಲದ ಜನ ಮಿಷನರಿ ಕೆಲಸಕ್ಕೆ ನಾಂದಿ ಹಾಡಿದ್ದರು. ಪ್ರಾಗ್ ನಗರದ ಬೆತ್ಲೆಹೇಮ್ ಪ್ರಾರ್ಥನಾಲಯದಲ್ಲಿ 1402ರಿಂದ ಜನರ ಮಾತಾದ ಚೆಕ್ ಭಾಷೆಯಲ್ಲೇ ಬೋಧಿಸಿದ ಯಾನ್ ಹುಸ್ ಎಂಬ ಸುಧಾರಕನನ್ನು 1415ರಲ್ಲಿ ಸುಟ್ಟು ಕೊಲ್ಲಲಾಯಿತು. ಅವನ ವಿಚಾರಗಳ ಬೆಳಕಿನಲ್ಲಿ 1457ರಲ್ಲಿ ಹುಟ್ಟಿಕೊಂಡ 'ಸಹೋದರರ ಐಕ್ಯ' ಎಂಬ ಪಂಥವು, 1620ರಲ್ಲಿ ಪ್ರಾಟೆಸ್ಟೆಂಟರು ಹ್ಯಾಬ್ಸ್‌ಬರ್ಗ್ ಚಕ್ರವರ್ತಿಯ ಸೈನ್ಯಕ್ಕೆ ಸೋತ ಬಳಿಕ ದಮನಕ್ಕೆ ಸಿಕ್ಕಿತು. ಅದರ ನೆನಪನ್ನು ಗುಟ್ಟಾಗಿ ಉಳಿಸಿಕೊಂಡಿದ್ದ ಮೊರೇವಿಯಾ ಪ್ರಾಂತದ ಕೆಲವರು ಗಡಿ ದಾಟಿ 1722ರಲ್ಲಿ ಜರ್ಮನಿಯ ಸ್ಯಾಕ್ಸನಿಯಲ್ಲಿ ಹೆರ್ನ್‌ಹುಟ್ ಎಂಬ ಊರನ್ನು ಕಟ್ಟಿದರು. ಸುಮಾರು ಹತ್ತು ವರ್ಷಗಳಲ್ಲಿ ಆ ಪುಟ್ಟ ಊರಿನಿಂದ ಕೆರಿಬಿಯನ್ ದ್ವೀಪಗಳಿಗೆ ಮಿಷನರಿಗಳು ಹೊರಟಿದ್ದರು. ಅಮೆರಿಕದ ಪ್ರಾಟೆಸ್ಟೆಂಟ್ ಸಂಸ್ಥೆಯಾದ 'ಅಮೆರಿಕನ್ ಬೋರ್ಡ್' ತನ್ನ ಜನರನ್ನು ಪ್ರಾಗ್‌ಗೆ ಕಳುಹಿಸಿದ್ದು ಅದಕ್ಕೂ ಬಹಳ ಕಾಲದ ಮೇಲೆ, 1872ರಲ್ಲಿ. ಆಗಿನ ಆಸ್ಟ್ರಿಯಾದ ಕಾನೂನು ಸರ್ಕಾರದ ಮನ್ನಣೆ ಪಡೆಯದ ಪಂಥಗಳಿಗೆ ಮನೆಯೊಳಗಿನ ಖಾಸಗಿ ಆರಾಧನೆಗಷ್ಟೇ ಅವಕಾಶ ಕೊಟ್ಟಿತ್ತು. ಹೀಗಾಗಿ ಆಲ್ಬರ್ಟ್ ಕ್ಲಾರ್ಕ್ ಮೊದಲಾದ ಆ ಮಿಷನರಿಗಳ ಕೆಲಸ ಬೇರುಬಿಟ್ಟದ್ದು ಮನೆಯ ಕೋಣೆಗಳಲ್ಲೇ, ಮತ್ತು ಆ ಕೆಲಸದಿಂದ 1880ರಲ್ಲಿ ಒಂದು ಸ್ವತಂತ್ರ ಸುಧಾರಿತ ಸಭೆ ರೂಪುಗೊಂಡಿತು.

ಹಬ್ಬವೂ ಮನೆಯೊಳಕ್ಕೆ ಸರಿದುಬಂದ ಬಗೆಗೆ ಇಂಥದೇ ಚರಿತ್ರೆಯಿದೆ. ಕ್ರಿಸ್ತನ ಜನನದ ದೃಶ್ಯವನ್ನು ಬೊಂಬೆಗಳಲ್ಲಿ ಜೋಡಿಸುವ ಗೋದಲಿಯನ್ನು ಚೆಕ್ಕರು 'ಬೆತ್ಲೇಮ್' ಎಂದು ಕರೆಯುತ್ತಾರೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಚಕ್ರವರ್ತಿ ಎರಡನೆಯ ಯೋಸೆಫ್ ಚರ್ಚಿನೊಳಗಿನ ಆಡಂಬರವನ್ನು ಕಡಿಮೆ ಮಾಡುವ ಉದ್ದೇಶದಿಂದ ಗೋದಲಿಗಳನ್ನು ನಿಷೇಧಿಸಿದಾಗ, ಹಳ್ಳಿಯ ನೇಕಾರರು, ಬಡಗಿಗಳು, ಗಣಿಗಾರರು ಅವನ್ನು ತಮ್ಮ ಮನೆಗಳಲ್ಲೇ ಕೆತ್ತತೊಡಗಿದರು. ಆ ಜನಪದ ಕಲೆಯ ಒಂದು ಶಿಖರ ತ್ರೆಬೆಖೋವಿತ್ಸೆ ಊರಿನಲ್ಲಿದೆ. ಯೋಸೆಫ್ ಪ್ರೊಬೋಶ್ತ್ ಎಂಬವನು ಕೆತ್ತನೆಗಾರನೊಬ್ಬನ ಜೊತೆಗೂಡಿ ಸುಮಾರು ನಲವತ್ತು ವರ್ಷ ದುಡಿದು ಕಟ್ಟಿದ ಈ ಗೋದಲಿ ಎರಡು ಸಾವಿರಕ್ಕೂ ಹೆಚ್ಚು ಮರದ ಬಿಡಿಭಾಗಗಳಿಂದ ಕೂಡಿದ್ದು, ಯಂತ್ರದ ನೆರವಿನಿಂದ ಚಲಿಸುತ್ತದೆ. 1967ರ ಮಾಂಟ್ರಿಯಲ್ ವಿಶ್ವಮೇಳದಲ್ಲೂ ಅದು ಪ್ರದರ್ಶನಗೊಂಡಿತ್ತು.

ಹಬ್ಬದ ಹೆಜ್ಜೆಗಳು ಡಿಸೆಂಬರ್ ತಿಂಗಳ ಆರಂಭದಲ್ಲೇ ಕೇಳಿಸುತ್ತವೆ. 4ರಂದು, ಸಂತ ಬಾರ್ಬರಾಳ ದಿನ, ಚೆರಿ ಮರದ ರೆಂಬೆಗಳನ್ನು ಕತ್ತರಿಸಿ ಬೆಚ್ಚಗಿನ ಕೋಣೆಯಲ್ಲಿ ನೀರಿನಲ್ಲಿ ಇಡುತ್ತಾರೆ. ಕ್ರಿಸ್‌ಮಸ್ ಮುನ್ನಾದಿನಕ್ಕೆ ಅವು ಹೂಬಿಟ್ಟರೆ ಆ ಮನೆಯ ಮಗಳಿಗೆ ವರ್ಷದೊಳಗೆ ಕಂಕಣ ಕೂಡಿಬರುತ್ತದೆಂಬುದು ಹಳೆಯ ನಂಬಿಕೆ. ಮರುದಿನ ಸಂಜೆ ಬಿಷಪರ ಉಡುಪಿನ ಮಿಕುಲಾಶ್, ಅಂದರೆ ಸಂತ ನಿಕೋಲಸ್, ಒಬ್ಬ ದೇವದೂತ ಮತ್ತು ಸರಪಳಿ ಎಳೆಯುತ್ತ ಬರುವ ಒಬ್ಬ ಪಿಶಾಚಿಯೊಂದಿಗೆ ಬೀದಿಬೀದಿಯಲ್ಲಿ ಕಾಣಿಸಿಕೊಂಡು, ಪದ್ಯ ಒಪ್ಪಿಸಿದ ಮಕ್ಕಳಿಗೆ ಸಿಹಿಯನ್ನೂ ತುಂಟರಿಗೆ ಇದ್ದಿಲನ್ನೋ ಆಲೂಗಡ್ಡೆಯನ್ನೋ ಕೊಡುತ್ತಾನೆ. ಸಂತ ನಿಕೋಲಸನೇ ಸಾಂಟಾ ಕ್ಲಾಸ್ ಆಗಿ ಡಿಸೆಂಬರ್ 24ರ ರಾತ್ರಿ ಬರುವನೆಂದು ತಿಳಿದಿದ್ದ ಅಮೆರಿಕದ ಮಗು ಇಲ್ಲಿ ಅವನನ್ನು ಮೂರು ವಾರ ಮೊದಲೇ, ಪಿಶಾಚಿಯ ಜೊತೆಯಲ್ಲಿ ಕಂಡು ಬೆಚ್ಚುವುದು ಸಹಜ. ಈ ನಡುವೆ ಮನೆಗಳಲ್ಲಿ 'ತ್ಸುಕ್ರೋವೀ' ತಯಾರಾಗುತ್ತಿರುತ್ತದೆ. ವೆನಿಲ್ಲಾ ಪರಿಮಳದ ಅರ್ಧಚಂದ್ರಾಕಾರದ ಬಿಸ್ಕತ್ತು, ನಡುವೆ ಜಾಮ್ ಇಟ್ಟ ಲಿಂಟ್ಸ್ ಬಿಸ್ಕತ್ತು, ಜೇನು ಮತ್ತು ಮಸಾಲೆ ಬೆರೆಸಿದ ಗಟ್ಟಿ ಬಿಸ್ಕತ್ತು ಹೀಗೆ ಹತ್ತಾರು ಬಗೆಯ ಈ ಪುಟ್ಟ ತಿನಿಸುಗಳನ್ನು ಮಂಗಳೂರಿನ ಕ್ರೈಸ್ತರ ಮನೆಗಳ ಕುಸ್ವಾರದಂತೆ ತಟ್ಟೆಯಲ್ಲಿ ಜೋಡಿಸಿ ನೆರೆಹೊರೆಗೆ ಹಂಚುತ್ತಾರೆ. ಹೊರಗಿನಿಂದ ಬಂದ ಕುಟುಂಬದ ಬಾಗಿಲಿಗೆ ಚೆಕ್ ನೆರೆಯವರು ಮೊದಲು ಬರುವುದು ಎಷ್ಟೋ ಸಲ ಇಂಥ ತಟ್ಟೆಯೊಂದನ್ನು ಹಿಡಿದೇ. ಆ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸದೆ ತಾವೂ ಏನಾದರೂ ಮಾಡಿಟ್ಟು ಕೊಡುವುದರಲ್ಲಿ ಪರಿಚಯ ಬೆಳೆಯುತ್ತದೆ.

ಈ ಹಬ್ಬದ ಊಟದ ಕೇಂದ್ರ ಸಾಮಾನ್ಯ ಗೆಂಡೆ ಮೀನು. ಸಮುದ್ರವಿಲ್ಲದ ಈ ದೇಶದಲ್ಲಿ ಮೀನು ಸಾಕುವ ಕೆರೆಗಳನ್ನು ಕಟ್ಟುವ ವಿದ್ಯೆ ಮಧ್ಯಯುಗದಿಂದ ಬೆಳೆದುಬಂದಿತ್ತು. ದಕ್ಷಿಣ ಬೊಹೀಮಿಯಾದ ತ್ರೆಬೋನ್ ಪಟ್ಟಣದ ಬಳಿ ಯಾಕುಬ್ ಕ್ರ್ಚೀನ್ ಎಂಬ ನಿಪುಣ ಕಟ್ಟಿಸಿ 1590ರಲ್ಲಿ ಮುಗಿಸಿದ ರೋಜ್ಮ್‌ಬೆರ್ಕ್ ಕೆರೆ ಸುಮಾರು 490 ಹೆಕ್ಟೇರು ವಿಸ್ತಾರದ್ದಾಗಿದ್ದು, ಚೆಕ್ ನಾಡಿನ ಕೆರೆಗಳಲ್ಲೇ ದೊಡ್ಡದು, ಮತ್ತು ಅದರಲ್ಲಿ ಇಂದಿಗೂ ಮೀನು ಬೆಳೆಯುತ್ತಾರೆ. ಶರತ್ಕಾಲದಲ್ಲಿ ಕೆರೆಯ ನೀರನ್ನು ಬಸಿದು ಬಲೆಯಿಂದ ಹಿಡಿದ ಗೆಂಡೆಗಳಲ್ಲಿ ಕೆಸರಿನ ವಾಸನೆ ಉಳಿಯದಂತೆ, ಕೆಲವು ವಾರ ತಿಳಿನೀರು ಹರಿಯುವ ತೊಟ್ಟಿಗಳಲ್ಲಿ ಬಿಟ್ಟಿರುತ್ತಾರೆ. ಡಿಸೆಂಬರ್ 20ರ ಸುಮಾರಿಗೆ ಬೀದಿ ಮೂಲೆಗಳಲ್ಲಿ ದೊಡ್ಡ ಬಾನಿಗಳನ್ನಿಟ್ಟು ಜೀವಂತ ಮೀನು ಮಾರುತ್ತಾರೆ. ಕೊಂಡವರು ಅದನ್ನು ಅಲ್ಲೇ ಕೊಯ್ಯಿಸಬಹುದು, ಇಲ್ಲವೇ ಮನೆಗೆ ಒಯ್ದು ಸ್ನಾನದ ತೊಟ್ಟಿಯಲ್ಲಿ ಬಿಡಬಹುದು. ಹೀಗೆ ಬಿಟ್ಟ ಮೀನಿಗೆ ಮಕ್ಕಳು ಹೆಸರಿಟ್ಟು, ಕೊಲ್ಲಬಾರದೆಂದು ಹಟ ಹಿಡಿದು, ಕೊನೆಗೆ ಇಡೀ ಮನೆಯವರು ಹೋಗಿ ನದಿಗೆ ಬಿಟ್ಟುಬರುವುದೂ ಉಂಟು, ಆದರೆ ಚಳಿ ನದಿಯಲ್ಲಿ ಅಂಥ ಮೀನು ಬದುಕುವುದು ಕಷ್ಟ. ಮೀನಿನ ತಲೆ ಮತ್ತು ಮೊಟ್ಟೆಗಳಿಂದ ಸಾರು ಮಾಡಿ, ತುಂಡುಗಳನ್ನು ಹಿಟ್ಟು, ಕೋಳಿಮೊಟ್ಟೆ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಹುರಿದು ಆಲೂಗಡ್ಡೆಯ ಸಲಾಡಿನೊಂದಿಗೆ ಬಡಿಸುತ್ತಾರೆ. ತಟ್ಟೆಯ ಕೆಳಗೊಂದು ಮೀನಿನ ಹುರುಪೆಯನ್ನಿಟ್ಟು, ಊಟದ ಬಳಿಕ ಅದನ್ನು ಪರ್ಸಿನಲ್ಲಿ ಜೋಪಾನ ಮಾಡಿದರೆ ವರ್ಷವಿಡೀ ಹಣದ ಅಭಾವವಾಗದೆಂಬ ಮಾತಿದೆ. ಮೀನಿಗಿಂತಲೂ ಹಳೆಯ ಬಡವರ ಅಡುಗೆ 'ಕುಬಾ': ಬಾರ್ಲಿ, ಒಣಗಿಸಿದ ಕಾಡು ಅಣಬೆ ಮತ್ತು ಬೆಳ್ಳುಳ್ಳಿ ಕೂಡಿಸಿ ಒಲೆಯಲ್ಲಿ ಬೇಯಿಸಿದ ಈ ಉಪವಾಸದ ದಿನದ ಊಟವನ್ನು ಅನೇಕ ಮನೆಗಳು ಇಂದಿಗೂ ಬಿಟ್ಟಿಲ್ಲ.

ಡಿಸೆಂಬರ್ 24ನ್ನು ಚೆಕ್ಕರು 'ಉದಾರ ದಿನ' ಎಂದು ಕರೆಯುತ್ತಾರೆ, ಮತ್ತು ಹಬ್ಬದ ಸತ್ವವೆಲ್ಲ ಅಂದಿನ ಸಂಜೆಯಲ್ಲೇ ಇದೆ. ಹಗಲು ಹಸಿದಿದ್ದವರಿಗೆ ಗೋಡೆಯ ಮೇಲೆ ಚಿನ್ನದ ಹಂದಿಮರಿ ಕಾಣಿಸುತ್ತದೆಂದು ಮಕ್ಕಳಿಗೆ ಹೇಳುತ್ತಾರೆ. ಮೊದಲ ನಕ್ಷತ್ರ ಮೂಡಿದಾಗ ಊಟಕ್ಕೆ ಕುಳಿತವರು ನಡುವೆ ಎದ್ದು ಹೋಗುವಂತಿಲ್ಲ. ಅನಿರೀಕ್ಷಿತ ಅತಿಥಿಗೆಂದು ಒಂದು ತಟ್ಟೆಯನ್ನು ಹೆಚ್ಚಾಗಿ ಇಟ್ಟಿರುತ್ತಾರೆ. ಅತಿಥಿಗಾಗಿ ತಟ್ಟೆ ಇದ್ದರೂ ಆ ಸಂಜೆ ಹತ್ತಿರದ ರಕ್ತಸಂಬಂಧಿಗಳ ಹೊರತು ಬೇರೆಯವರನ್ನು ಕರೆಯುವ ರೂಢಿ ಕಡಿಮೆ. ಮೊದಲ ಕ್ರಿಸ್‌ಮಸ್ಸಿನಲ್ಲಿ ಆಮಂತ್ರಣ ಬರಲಿಲ್ಲವೆಂದು ನೊಂದುಕೊಳ್ಳುವ ಹೊಸ ಕುಟುಂಬ ತಿಳಿಯಬೇಕಾದದ್ದು, ಇದು ತಿರಸ್ಕಾರವಲ್ಲ, ಆ ಸಂಜೆಯ ಸ್ವರೂಪವೇ ಹಾಗೆ. ಮುಂದೊಂದು ವರ್ಷ ಕರೆ ಬಂದರೆ, ಅದಕ್ಕಿಂತ ದೊಡ್ಡ ಮರ್ಯಾದೆಯನ್ನು ಚೆಕ್ ಮನೆಯೊಂದು ಹೊರಗಿನವರಿಗೆ ತೋರಿಸಲಾರದು.

ಊಟ ಮುಗಿಯುವ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಸಣ್ಣ ಗಂಟೆ ಮೊಳಗುತ್ತದೆ. ಮಕ್ಕಳು ಓಡಿಹೋದರೆ ಮರದ ಕೆಳಗೆ ಉಡುಗೊರೆಗಳಿರುತ್ತವೆ, ತಂದಿಟ್ಟವನು ಮಾತ್ರ ಇರುವುದಿಲ್ಲ. ಅವನೇ ಯೆಜೀಶೆಕ್, ಬಾಲ ಯೇಸು. ಗಡ್ಡ, ಕೆಂಪು ಅಂಗಿ, ಜಾರುಬಂಡಿ ಯಾವುದೂ ಇಲ್ಲದ ಅವನು ಹೇಗಿದ್ದಾನೆಂದು ಯಾರೂ ಹೇಳಲಾರರು, ಮತ್ತು ಅವನನ್ನು ಅಳಿಸಿಹಾಕಲು ಪ್ರಯತ್ನಿಸಿದವರು ಸೋತದ್ದಕ್ಕೆ ಇದೂ ಒಂದು ಕಾರಣವಿರಬಹುದು. 1948ರಲ್ಲಿ ಅಧಿಕಾರಕ್ಕೆ ಬಂದ ಕಮ್ಯುನಿಸ್ಟ್ ಸರ್ಕಾರ ಅವನ ಜಾಗದಲ್ಲಿ ಸೋವಿಯತ್ ಒಕ್ಕೂಟದ 'ಹಿಮತಾತ'ನನ್ನು ತರಲು ಬಯಸಿತು. ಪ್ರಧಾನಿ ಆಂತೊನಿನ್ ಜಾಪೊತೊಟ್ಸ್ಕಿ 1952ರ ಡಿಸೆಂಬರಿನಲ್ಲಿ ಮಕ್ಕಳನ್ನು ಉದ್ದೇಶಿಸಿ, ಕೊಟ್ಟಿಗೆಯ ಆ ಮಗು ಈಗ ಬೆಳೆದು ಗಡ್ಡ ಬಂದು ಹಿಮತಾತನಾಗಿದ್ದಾನೆಂಬ ಅರ್ಥದಲ್ಲಿ ಭಾಷಣ ಮಾಡಿದನು. ಶಾಲೆ, ಕಾರ್ಖಾನೆ, ರೇಡಿಯೋ ಎಲ್ಲವೂ ಸರ್ಕಾರದ ಕೈಯಲ್ಲಿದ್ದವು, ಆದರೆ ಗಂಟೆ ಬಾರಿಸುತ್ತಿದ್ದುದು ತಾಯಿತಂದೆಯರ ಕೈ. ದೇವರನ್ನು ನಂಬದ ಮನೆಗಳೂ ಆ ಹೆಸರನ್ನು ಬಿಟ್ಟುಕೊಡಲಿಲ್ಲ. 1989ರಲ್ಲಿ ಆ ಆಡಳಿತ ಕುಸಿದ ಮೇಲೂ ಯೆಜೀಶೆಕ್ ಉಳಿದಿದ್ದಾನೆ. ಗಡಿಪರ್ವತದ ಬೋಜೀ ದಾರ್ ಊರಿನ ಅಂಚೆ ಕಚೇರಿ ಅವನಿಗೆ ಬರೆದ ಮಕ್ಕಳ ಪತ್ರಗಳನ್ನು ಇಂದಿಗೂ ಸ್ವೀಕರಿಸುತ್ತದೆ.

ಊಟದ ಬಳಿಕ ಕೆಲವು ಮನೆಗಳಲ್ಲಿ ಭವಿಷ್ಯ ನೋಡುವ ಆಟಗಳು ನಡೆಯುತ್ತವೆ. ಸೇಬನ್ನು ಅಡ್ಡಲಾಗಿ ಕತ್ತರಿಸಿದಾಗ ಬೀಜದ ಗೂಡು ನಕ್ಷತ್ರದಂತೆ ಕಂಡರೆ ಆರೋಗ್ಯ, ಶಿಲುಬೆಯಂತೆ ಕಂಡರೆ ಕೇಡು. ಅಕ್ರೋಟಿನ ಚಿಪ್ಪಿನಲ್ಲಿ ಪುಟ್ಟ ಮೇಣದಬತ್ತಿ ನೆಟ್ಟು ನೀರಿನ ಬೋಗುಣಿಯಲ್ಲಿ ತೇಲಿಬಿಟ್ಟರೆ ದೂರ ಸಾಗಿದ ದೋಣಿಯವರಿಗೆ ಪ್ರಯಾಣ. ಹುಡುಗಿ ಹೆಗಲ ಮೇಲಿಂದ ಹಿಂದಕ್ಕೆ ಎಸೆದ ಚಪ್ಪಲಿಯ ಮೂತಿ ಬಾಗಿಲ ಕಡೆಗಿದ್ದರೆ ಮದುವೆ. ಶಕುನ ನೋಡುವುದನ್ನು ಬೈಬಲ್ ನಿಷೇಧಿಸಿದೆಯೆಂದು ತಿಳಿಯುವ ಮಿಷನರಿ ಕುಟುಂಬಕ್ಕೆ ಇಲ್ಲಿ ನಿಜವಾದ ಇಕ್ಕಟ್ಟಿದೆ, ಮತ್ತು ಅದನ್ನು ಹಗುರಾಗಿ ಕಾಣಬಾರದು. ಆದರೂ ಆತಿಥೇಯರ ಮೇಜಿನ ಮುಂದೆ ಉಪದೇಶಕ್ಕೆ ತೊಡಗುವುದು ಸಲ್ಲದು. ಸೇಬಿನ ಗೂಡು ನೋಡುವ ಅಜ್ಜಿಯ ಕಣ್ಣಿನಲ್ಲಿರುವುದು ಮನೆಯವರೆಲ್ಲರೂ ಮುಂದಿನ ವರ್ಷವೂ ಇದೇ ಮೇಜಿಗೆ ಬರಲೆಂಬ ಹಂಬಲ. ಆ ಹಂಬಲವನ್ನು ಗುರುತಿಸಿ, ಅವರ ಅನುಮತಿ ಪಡೆದು ಅದನ್ನೇ ಒಂದು ಪ್ರಾರ್ಥನೆಯಾಗಿ ಹೇಳಬಲ್ಲ ಅತಿಥಿ, ತನ್ನ ನಂಬಿಕೆಗೂ ಆ ಮನೆಗೂ ಏಕಕಾಲಕ್ಕೆ ನಿಷ್ಠನಾಗಿರುತ್ತಾನೆ.

ಹಬ್ಬ ಮನೆಯಿಂದ ಹೊರಬರುವ ಗಳಿಗೆಗಳೂ ಇವೆ. ವರ್ಷವಿಡೀ ಚರ್ಚಿಗೆ ಹೋಗದವರೂ ನಡುರಾತ್ರಿಯ ಬಲಿಪೂಜೆಗೆ ಬರುತ್ತಾರೆ. ರೋಜ್ಮಿತಾಲ್ ಊರಿನ ಶಾಲಾಶಿಕ್ಷಕ ಯಾಕುಬ್ ಯಾನ್ ರಿಬಾ 1796ರಲ್ಲಿ ರಚಿಸಿದ ಚೆಕ್ ಕ್ರಿಸ್‌ಮಸ್ ಪೂಜಾಸಂಗೀತವನ್ನು ಆ ದಿನಗಳಲ್ಲಿ ನಾಡಿನಾದ್ಯಂತ ಹಾಡುತ್ತಾರೆ. ಅದರಲ್ಲಿ ಕ್ರಿಸ್ತನ ಜನನದ ಸುದ್ದಿ ತಲಪುವುದು ದೂರದ ಯೂದಾಯದ ಕುರುಬರಿಗಲ್ಲ, ಬೊಹೀಮಿಯಾದ ಹಳ್ಳಿಗರಿಗೆ. ನಗರದ ಚೌಕಗಳಲ್ಲಿ ನಿಲ್ಲಿಸುವ ದೊಡ್ಡ ಮರದ ಹಿಂದೆ ಇನ್ನೊಂದು ಘಟನೆಯಿದೆ. 1919ರ ಡಿಸೆಂಬರಿನಲ್ಲಿ ಬರ್ನೋ ನಗರದ ಬಳಿಯ ಬೀಲೊವಿತ್ಸೆ ಕಾಡಿಗೆ ಕ್ರಿಸ್‌ಮಸ್ ಮರ ತರಲು ಹೋದ ಪತ್ರಕರ್ತ ರುದೊಲ್ಫ್ ತೆಸ್ನೊಹ್ಲೀದೆಕ್ ಮತ್ತು ಅವನ ಗೆಳೆಯರಿಗೆ ಹಿಮದಲ್ಲಿ ಬಿಟ್ಟುಹೋದ ಹೆಣ್ಣುಕೂಸು ಸಿಕ್ಕಿತು, ಮತ್ತು ಅದು ಬದುಕಿತು. 1924ರಲ್ಲಿ ಅವನು ಬರ್ನೋ ಚೌಕದಲ್ಲಿ ಮರವೊಂದನ್ನು ನಿಲ್ಲಿಸಿ ಅನಾಥ ಮಕ್ಕಳ ಮನೆಗಾಗಿ ಹಣ ಸಂಗ್ರಹಿಸಿದನು. ಆ ರೂಢಿ ಇತರ ಊರುಗಳಿಗೂ ಹರಡಿತು.

25 ಮತ್ತು 26ರಂದು ನೆಂಟರ ಮನೆಗಳಿಗೆ ಹೋಗಿಬರುವ ಓಡಾಟವಿರುತ್ತದೆ. ಹೊರಗಿನ ಕುಟುಂಬವೊಂದು ತನ್ನ ಮನೆಗೆ ನೆರೆಯವರನ್ನು ಕರೆಯಲು ಈ ದಿನಗಳೇ ಹೆಚ್ಚು ಅನುಕೂಲ. ಜನವರಿಯ ಮೊದಲ ದಿನಗಳಲ್ಲಿ ಮೂವರು ರಾಜರ ವೇಷ ಧರಿಸಿದ ಮಕ್ಕಳು ಹಾಡುತ್ತ ಮನೆಮನೆಗೆ ಬಂದು, ಬಾಗಿಲಿನ ಮೇಲೆ ಸೀಮೆಸುಣ್ಣದಿಂದ ಮೂರು ಅಕ್ಷರಗಳನ್ನೂ ಹೊಸ ವರ್ಷದ ಅಂಕಿಯನ್ನೂ ಬರೆದು ಹೋಗುತ್ತಾರೆ. ಅವರ ಡಬ್ಬಿಗೆ ಬಿದ್ದ ಹಣವನ್ನು ಕ್ಯಾಥೋಲಿಕ್ ಸೇವಾಸಂಸ್ಥೆಯಾದ ಕಾರಿಟಾಸ್ ರೋಗಿಗಳಿಗೂ ಬಡವರಿಗೂ ಬಳಸುತ್ತದೆ.