ಅಂಜುವ ಸಣ್ಣ ನಾಯಿಯನ್ನು ಪಳಗಿಸುವ ಕ್ರಮ

ತೋಟದ ಮನೆಯ ಕಾವಲಿಗೆಂದು ಸಾಕಿದ ಸಣ್ಣ ನಾಯಿಯು ಊರ ನಾಯಿಗಳನ್ನು ಕಂಡೊಡನೆ ಬಾಲವನ್ನು ಹೊಟ್ಟೆಯ ಕೆಳಗೆ ಸೇರಿಸಿ ಕೊಟ್ಟಿಗೆಯ ಮೂಲೆ ಹಿಡಿಯುವುದು ಅನೇಕ ಗ್ರಾಮಗಳಲ್ಲಿ ಕಂಡುಬರುವ ಸಂಗತಿಯಾಗಿದೆ. ಯಜಮಾನರು ಅದನ್ನು ಹೇಡಿಯೆಂದು ಬಗೆದು ಹೊಡೆಯುವರು; ಇಲ್ಲವೆ ರೂಢಿಯಾಗಲೆಂದು ನಾಯಿಗಳ ಗುಂಪಿನ ನಡುವೆ ಬಿಡುವರು. ಎರಡೂ ತಪ್ಪು. ಅಂಜಿದ ನಾಯಿಗೆ ಓಡಲು ದಾರಿಯಿಲ್ಲದಾಗ ಅದು ಕಚ್ಚುವುದು. ಬಿಡಿಸಲು ಕೈಹಾಕಿದ ಮನೆಯ ಹುಡುಗನಿಗೂ ಆ ಹಲ್ಲು ತಗಲಬಹುದು.

ಮರಿಯು ಹುಟ್ಟಿದ 3ನೆಯ ವಾರದಿಂದ ಸುಮಾರು 14ನೆಯ ವಾರದವರೆಗೆ ತಾನು ಕಂಡು ಬೆರೆತ ಪ್ರಾಣಿಗಳನ್ನು ಸುಲಭವಾಗಿ ಒಪ್ಪಿಕೊಳ್ಳುತ್ತದೆ. 8 ವಾರ ತುಂಬುವ ಮೊದಲೇ ತಾಯಿಯಿಂದ ಅಗಲಿಸಿ ಒಂಟಿಯಾಗಿ ಕಟ್ಟಿ ಬೆಳೆಸಿದ ಮರಿಗೆ ತನ್ನ ಜಾತಿಯ ರೀತಿನೀತಿಗಳೇ ತಿಳಿಯವು. ದೊಡ್ಡ ನಾಯಿಯಿಂದ ಒಮ್ಮೆ ಕಚ್ಚಿಸಿಕೊಂಡರೂ ಭಯವು ಬಹುಕಾಲ ನಿಲ್ಲುವುದು. ಹಿಂದೆ ಧೈರ್ಯವಾಗಿದ್ದ ನಾಯಿ ಈಗ ಅಂಜತೊಡಗಿದ್ದರೆ ಒಳಗೆ ಏನಾದರೂ ನೋವಿರಬಹುದು. ಮೊದಲು ಪಶುವೈದ್ಯರಿಗೆ ತೋರಿಸುವುದು ಲೇಸು.

ಪಳಗಿಸುವುದಕ್ಕೆ ನೆರೆಹೊರೆಯ ಶಾಂತಸ್ವಭಾವದ ವಯಸ್ಕ ನಾಯಿಯೊಂದು ಬೇಕು. ಬಯಲು ಹೊಲದಲ್ಲಿ, ತಂಪು ಹೊತ್ತಿನಲ್ಲಿ, ಎರಡನ್ನೂ ಹಗ್ಗದಲ್ಲಿ ಹಿಡಿದು 20 ಮಾರು ದೂರದಲ್ಲಿ ನಿಲ್ಲಿಸತಕ್ಕದ್ದು. ಹಗ್ಗವು ಸಡಿಲವಾಗಿರಲಿ, ಬಿಗಿದರೆ ನಾಯಿಯು ತಾನು ಸಿಕ್ಕಿಬಿದ್ದೆನೆಂದು ತಿಳಿಯುವುದು. ಇನ್ನೊಂದು ನಾಯಿಯು ಕಣ್ಣಿಗೆ ಬಿದ್ದ ತರುವಾಯ ಬೇಯಿಸಿದ ಮೊಟ್ಟೆ ಅಥವಾ ಮಾಂಸದ ಚಿಕ್ಕ ಚೂರುಗಳನ್ನು ಕೊಡಬೇಕು. ಅದು ಮರೆಯಾದೊಡನೆ ನಿಲ್ಲಿಸಬೇಕು. ಈ ಅನುಕ್ರಮವು ಮುಖ್ಯ, ಏಕೆಂದರೆ ಪರನಾಯಿಯ ಬರವೇ ತಿಂಡಿಯ ಸೂಚನೆಯೆಂದು ಅದರ ಮನಸ್ಸಿಗೆ ನಾಟಬೇಕು. ತಿಂಡಿಯನ್ನು ಮೂಸಿಯೂ ತಿನ್ನದಿದ್ದರೆ, ನಿದ್ರೆಯಿಲ್ಲದೆ ಆಕಳಿಸಿದರೆ, ಮೂತಿಯನ್ನು ಪದೇ ಪದೇ ನೆಕ್ಕಿಕೊಂಡರೆ ದೂರವು ಸಾಲದೆಂದು ಅರ್ಥ, ಹಿಂದೆ ಸರಿಯತಕ್ಕದ್ದು. ದಿನಕ್ಕೆ ಕಾಲು ಗಂಟೆಯೇ ಸಾಕು. ನೆಮ್ಮದಿಯಿಂದ ತಿನ್ನುವುದನ್ನು ನೋಡಿಕೊಂಡು ಒಂದೆರಡು ಮಾರು ಸಮೀಪಿಸುತ್ತ, ಆಮೇಲೆ ಎರಡನ್ನೂ ಮುಖಾಮುಖಿ ತಾರದೆ ಒಂದೇ ದಿಕ್ಕಿಗೆ ಅಕ್ಕಪಕ್ಕದಲ್ಲಿ ನಡೆಸಬೇಕು. ಕೆಲವಕ್ಕೆ ವಾರಗಳು ಸಾಕು, ಕೆಲವಕ್ಕೆ ತಿಂಗಳುಗಳು ಬೇಕು. ಅವಸರಪಟ್ಟು ಒಂದು ದಿನ ಕಾದಾಟವಾದರೆ ಹಿಂದಿನ ಶ್ರಮವೆಲ್ಲ ವ್ಯರ್ಥ.

ಗುರುಗುಟ್ಟಿದ್ದಕ್ಕೆ ಹೊಡೆಯಕೂಡದು. ಹಾಗೆ ಹೊಡೆಸಿಕೊಂಡ ನಾಯಿಯು ಎಚ್ಚರಿಕೆಯನ್ನು ಬಿಟ್ಟು ನೇರವಾಗಿ ಕಚ್ಚುವುದನ್ನು ಕಲಿಯುತ್ತದೆ. ಮೈ ಸವರಿ ಸಮಾಧಾನಪಡಿಸಿದರೆ ಅಂಜಿಕೆ ಹೆಚ್ಚುವುದೆಂಬ ಮಾತು ಹಳ್ಳಿಗಳಲ್ಲಿ ಬಳಕೆಯಲ್ಲಿದೆ, ಅದಕ್ಕೆ ಆಧಾರವಿಲ್ಲ. ತಾನಾಗಿ ಬಳಿಗೆ ಬಂದ ನಾಯಿಗೆ ಆಶ್ರಯ ಕೊಡುವುದರಿಂದ ಕೇಡಿಲ್ಲ. ಮನೆಯಲ್ಲಿ ಇತರ ನಾಯಿಗಳು ಹೋಗಲಾಗದ ಒಂದು ಮೂಲೆಯು ಅದಕ್ಕೆಂದೇ ಇರಲಿ, ಬೀದಿಯ ಬಾಗಿಲಲ್ಲಿ ಸರಪಳಿ ಹಾಕಿ ಕಟ್ಟುವ ಪದ್ಧತಿ ಬೇಡ.

ಗ್ರಾಮದ ಮುಖ್ಯಸ್ಥರಿಂದಾಗಬೇಕಾದ ಕೆಲಸವೂ ಇದೆ. ಎಂಜಲು ಮತ್ತು ಮಾಂಸದ ತ್ಯಾಜ್ಯವನ್ನು ಬೀದಿಗೆ ಎಸೆಯುವ ಕಡೆ ನಾಯಿಗಳು ಗುಂಪುಗೂಡಿ ಕಾದಾಡುವುವು. ಅದನ್ನು ಗುಂಡಿಯಲ್ಲಿ ಹೂಳಿಸತಕ್ಕದ್ದು. 3 ತಿಂಗಳು ತುಂಬಿದ ನಾಯಿಗಳಿಗೆಲ್ಲ ಹುಚ್ಚುರೋಗದ ಲಸಿಕೆಯನ್ನು ಹಾಕಿಸಿ, ಪಶುವೈದ್ಯರು ಹೇಳಿದ ಕಾಲಕ್ಕೆ ಪುನಃ ಹಾಕಿಸಬೇಕು. ಪಳಗಿಸುವಾಗ ಯಾರಿಗಾದರೂ ಹಲ್ಲು ತಗುಲಿದರೆ ಗಾಯಕ್ಕೆ ಸುಣ್ಣ, ಮೆಣಸಿನಪುಡಿಗಳನ್ನು ಹಚ್ಚದೆ, ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಆ ದಿನವೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದನ್ನು ಹಾಕಿಸಿಕೊಳ್ಳತಕ್ಕದ್ದು.