ಕೊನೆಯ ಮನೆಯ ನಲ್ಲಿ ಮತ್ತು ನೀರಿನ ಒತ್ತಡ

ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನಂಥ ಊರೊಂದರಲ್ಲಿ ಮೇಲ್ತೊಟ್ಟಿಯಿಂದ ಬೀದಿಗೆ ನೀರು ಬಿಡುತ್ತಾರೆ ಎಂದುಕೊಳ್ಳಿ. ತೊಟ್ಟಿಯ ಬಳಿಯ ಮನೆಯಲ್ಲಿ ಕೊಡ ಬೇಗನೆ ತುಂಬುತ್ತದೆ. ಬೀದಿಯ ಕೊನೆಯ ಮನೆಯಲ್ಲಿ ನೀರು ತೊಟ್ಟಿಕ್ಕುತ್ತದೆ. ನೆಲ ಸಮತಟ್ಟಾಗಿದ್ದರೂ ಹೀಗೇಕೆ?

ಮೊದಲು ಎಲ್ಲ ನಲ್ಲಿಗಳೂ ಮುಚ್ಚಿವೆ ಎಂದು ಭಾವಿಸಿ. ನಿಂತ ನೀರಿನ ಒತ್ತಡವು ಸಾಂದ್ರತೆ, ಗುರುತ್ವ ವೇಗೋತ್ಕರ್ಷ ಮತ್ತು ಎತ್ತರಗಳ ಗುಣಲಬ್ಧ. ತೊಟ್ಟಿಯ ನೀರಿನ ಮಟ್ಟ ನಲ್ಲಿಗಿಂತ 12 ಮೀಟರ್ ಮೇಲಿದ್ದರೆ ಒತ್ತಡ 1000 × 9.8 × 12, ಅಂದರೆ 1,17,600 ಪ್ಯಾಸ್ಕಲ್. ಇದು ವಾಯುಮಂಡಲದ ಒತ್ತಡಕ್ಕಿಂತ ಹೆಚ್ಚುವರಿಯಾಗಿ ಇರುವ ಒತ್ತಡ. ಈ ಲೆಕ್ಕದಲ್ಲಿ ತೊಟ್ಟಿಯ ಅಗಲವಾಗಲಿ ಕೊಳವೆಯ ಉದ್ದವಾಗಲಿ ಬರುವುದಿಲ್ಲ. ಆದ್ದರಿಂದ ಮೊದಲ ಮನೆಗೂ ಕೊನೆಯ ಮನೆಗೂ ಒಂದೇ ಒತ್ತಡ.

ಈಗ ನಲ್ಲಿಗಳನ್ನು ತೆರೆಯಿರಿ. ನೀರು ಹರಿಯತೊಡಗಿದೊಡನೆ ಘರ್ಷಣೆಯಿಂದಾಗಿ ಒತ್ತಡ ದಾರಿಯುದ್ದಕ್ಕೂ ಕುಸಿಯುತ್ತದೆ. ಪಠ್ಯದ ಬರ್ನೌಲಿ ಸಮೀಕರಣ ಈ ಘರ್ಷಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪ್ವಾಸೆಯ್ ನಿಯಮ ತೆಗೆದುಕೊಳ್ಳುತ್ತದೆ, ಆದರೆ ಅದು ಶಾಂತ ಪ್ರವಾಹಕ್ಕೆ ಮಾತ್ರ ಅನ್ವಯ. 5 ಸೆಂಟಿಮೀಟರ್ ವ್ಯಾಸದ ಕೊಳವೆಯಲ್ಲಿ ನೀರು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹರಿದರೆ ರೆನಾಲ್ಡ್ಸ್ ಸಂಖ್ಯೆ ಸುಮಾರು 50,000. 2,000 ದಾಟಿದರೆ ಶಾಂತ ಪ್ರವಾಹ ಕದಡತೊಡಗುವುದರಿಂದ, ಇದು ಖಂಡಿತ ಪ್ರಕ್ಷುಬ್ಧ ಪ್ರವಾಹ. ಇಲ್ಲಿ ಹರಿವು ಇಮ್ಮಡಿಯಾದರೆ ಒತ್ತಡದ ನಷ್ಟ ಸುಮಾರು ನಾಲ್ಕು ಪಟ್ಟಾಗುತ್ತದೆ. ಅಷ್ಟೇ ನೀರನ್ನು ಅರ್ಧ ವ್ಯಾಸದ ಕೊಳವೆಯಲ್ಲಿ ಕಳುಹಿಸಿದರೆ ನಷ್ಟ ಸುಮಾರು 32 ಪಟ್ಟು! ಎಲ್ಲರೂ ಒಮ್ಮೆಗೇ ನಲ್ಲಿ ತೆರೆದಾಗ ಕೊನೆಯ ಮನೆ ಸೊರಗುವುದು ಇದರಿಂದಲೇ.

ಇದನ್ನು ತರಗತಿಯಲ್ಲಿ ತೋರಿಸುವುದು ಸುಲಭ. ಬಕೆಟ್‌ನ ಬುಡಕ್ಕೆ ಉದ್ದನೆಯ ಸಣ್ಣ ಕೊಳವೆ ಜೋಡಿಸಿ ನೆಲದ ಮೇಲೆ ನೇರವಾಗಿ ಮಲಗಿಸಿ. ಹನಿ ನೀರಾವರಿಯ ಟಿ-ಜೋಡಣೆಗಳ ನೆರವಿನಿಂದ ಅದರ ಮೇಲೆ ಮೂರು ಪಾರದರ್ಶಕ ನಳಿಕೆಗಳನ್ನು ಲಂಬವಾಗಿ ನಿಲ್ಲಿಸಿ. ಕೊಳವೆಯ ತುದಿ ಮುಚ್ಚಿದಾಗ ಮೂರರಲ್ಲೂ ನೀರು ಬಕೆಟ್‌ನ ಮಟ್ಟಕ್ಕೇ ಏರುತ್ತದೆ. ತುದಿ ತೆರೆದರೆ ಮಟ್ಟಗಳು ಮೆಟ್ಟಿಲಿನಂತೆ ಇಳಿಯುತ್ತವೆ.

ನೀರು ಸಾಲದಿದ್ದಾಗ ಕೆಲವರು ಬೀದಿಯ ಕೊಳವೆಗೇ ಮೋಟಾರು ಜೋಡಿಸಿ ಎಳೆಯುತ್ತಾರೆ. ಪಂಪು ಹೊಸ ನೀರನ್ನು ಸೃಷ್ಟಿಸುವುದಿಲ್ಲ, ತನ್ನ ಬಳಿ ಕೊಳವೆಯ ಒತ್ತಡವನ್ನು ಇನ್ನಷ್ಟು ತಗ್ಗಿಸುತ್ತದೆ. ನೆರೆಮನೆಗೆ ನೀರು ತಪ್ಪುವುದು ಒಂದು ಪರಿಣಾಮ. ಒತ್ತಡವು ವಾಯುಮಂಡಲದ ಒತ್ತಡಕ್ಕಿಂತ ಕೆಳಗಿಳಿದರೆ ಇನ್ನೂ ದೊಡ್ಡ ಅಪಾಯವಿದೆ. ಮೊದಲು ನೀರು ಹೊರಗೆ ಸೋರುತ್ತಿದ್ದ ಬಿರುಕಿನ ಮೂಲಕವೇ ಈಗ ಹೊರಗಿನ ನೀರು ಒಳನುಗ್ಗುತ್ತದೆ. ಆ ಕೊಳವೆ ಚರಂಡಿಯ ಪಕ್ಕದಲ್ಲಿ ಹಾದುಹೋಗಿದ್ದರೆ ಏನಾದೀತು, ಯೋಚಿಸಿ. ನೀರು ಬಿಡುವುದನ್ನು ನಿಲ್ಲಿಸಿ ಕೊಳವೆ ಬರಿದಾಗುವಾಗಲೂ ಹೀಗಾಗಬಹುದು.

ರಾಯಚೂರು ನಗರದಲ್ಲಿ 2022ರಲ್ಲಿ ಕಲುಷಿತ ನೀರು ಕುಡಿದು ಜನ ಸಾವಿಗೀಡಾದರು. ನೀರು ಕಲುಷಿತವಾಗಲು ಹಲವು ದಾರಿಗಳಿವೆ. ಒತ್ತಡದ ಕುಸಿತ ಅವುಗಳಲ್ಲಿ ಒಂದು. ಶುದ್ಧೀಕರಣ ಘಟಕದಲ್ಲಿ ಚೊಕ್ಕಟವಾಗಿದ್ದ ನೀರೂ ಬೀದಿಯಲ್ಲಿ ಕೆಡಬಹುದು.

ಹಾಗಾದರೆ ಪರಿಹಾರವೇನು? ತಕ್ಕ ವ್ಯಾಸದ ಕೊಳವೆ ಹಾಕುವುದು, ಓಣಿಗೊಂದು ವೇಳೆಯಂತೆ ನೀರು ಬಿಡುವುದು, ಸೋರಿಕೆಯನ್ನು ಕೂಡಲೇ ಮುಚ್ಚುವುದು. ಪಂಪು ಬೇಕೇ ಬೇಕಾದವರು ನೆಲತೊಟ್ಟಿಯಲ್ಲಿ ನೀರು ತಾನಾಗಿ ತುಂಬಿದ ಮೇಲೆ ಅಲ್ಲಿಂದ ಎತ್ತಿಕೊಳ್ಳಲಿ. ಶಿಕ್ಷಕರೇ, ನಿಮ್ಮೂರಿನ ಮೊದಲ ಮತ್ತು ಕೊನೆಯ ನಲ್ಲಿಗಳಲ್ಲಿ ಒಂದು ಕೊಡ ತುಂಬಲು ಎಷ್ಟು ಸೆಕೆಂಡು ಬೇಕೆಂದು ವಿದ್ಯಾರ್ಥಿಗಳಿಂದ ಅಳೆಯಿಸಿ. ಆ ಅಂಕಿಗಳನ್ನು ಗ್ರಾಮ ಪಂಚಾಯಿತಿಯ ಮುಂದೆಯೂ ಇಡಬಹುದು.